ಕಡಲ ತಳದ ಕಲ್ಲುಸುತ್ತು

ನಾನು ಒಂದು ಕಡೆಯುವ ಕಲ್ಲು. ಮಿಕ್ಸಿಯ ಕಾಲದ ಮಕ್ಕಳಿಗೆ ನನ್ನ ಗುರುತು ಸಿಗಲಿಕ್ಕಿಲ್ಲ. ಸಿಗದಿದ್ದರೆ ನನಗೇನೂ ಬೇಜಾರಿಲ್ಲ. ನಡುವೆ ಒಂದು ಗುಳಿ, ಗುಳಿಯಲ್ಲಿ ಕೂತು ತಿರುಗುವ ಒಂದು ಗುಂಡು, ಇಷ್ಟೇ ನನ್ನ ಸಂಸಾರ. ಹುಟ್ಟಿದ್ದು ಘಟ್ಟದ ಬುಡದ ಒಂದು ಕರಿಬಂಡೆಯಲ್ಲಿ. ಕಲ್ಲುಕುಟಿಗ ಉಳಿ ಹಿಡಿದು ನನ್ನ ಹೊಟ್ಟೆ ತೋಡುವಾಗ ಇಡೀ ದಿನ ಬಯ್ಯುತ್ತಿದ್ದ, ನನ್ನನ್ನಲ್ಲ, ತನ್ನ ಭಾವನನ್ನು. ಹಾಗಾಗಿ ನಾನು ಮೊಟ್ಟಮೊದಲು ಕೇಳಿದ್ದೇ ಬೈಗುಳ.

ಎತ್ತಿನಗಾಡಿ ಹತ್ತಿ ಕಾಯ್ಕೇರಿಗೆ ಬಂದೆ. ಕಾಯ್ಕೇರಿ ಅಂದರೆ ಕಡಲ ದಂಡೆಯ ಮೀನುಗಾರರ ಕೇರಿ. ಅಲ್ಲಿ ಸಣ್ಣಮ್ಮ ಎಂಬ ಗಟ್ಟಿಗಿತ್ತಿ ನನ್ನ ಗುಳಿಯಲ್ಲಿ ಅಂಗೈ ಆಡಿಸಿ ನೋಡಿ, "ಅಡ್ಡಿಲ್ಲ" ಎಂದು ಮನೆಗೆ ಇಳಿಸಿಕೊಂಡಳು. ಅವಳ ಕೈಯಲ್ಲಿ ನನಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಮೆಣಸು, ಕೊತ್ತಂಬರಿ, ಕಾಯಿ, ಹುಳಿ, ದಿನಾ ಬೆಳಗಾದರೆ ಇದೇ. ಅವಳ ಮಗ ಕುಪ್ಪಯ್ಯ ನನ್ನ ಅಂಚು ಹಿಡಿದೇ ಎದ್ದು ನಿಲ್ಲಲು ಕಲಿತ. ಒಂದು ದಿನ ಮಸಾಲೆಯ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಕೇರಿ ಕಿತ್ತುಹೋಗುವ ಹಾಗೆ ಅತ್ತ. ಪೆಟ್ಟು ಬಿದ್ದದ್ದು ನನಗೆ!

ಕುಪ್ಪಯ್ಯ ದೊಡ್ಡವನಾಗಿ ಮಾಸ್ತಮ್ಮನನ್ನು ಮದುವೆಯಾದ. ನಾನು ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದೆ. ಸಣ್ಣಮ್ಮ ಗುಂಡನ್ನು ಗದರಿಸಿಕೊಂಡು ತಿರುಗಿಸುತ್ತಿದ್ದಳು, ಮಾಸ್ತಮ್ಮ ಹರಟೆ ಹೊಡೆದುಕೊಂಡು. ಕುಪ್ಪಯ್ಯ ಹಿಂದಿನಿಂದ ಬಂದು, "ಗುಂಡು ನಿಂತ್ರೂ ನಿನ್ನ ಬಾಯಿ ನಿಲ್ಲುದಿಲ್ವಲ್ಲ ಮಾರಾಯ್ತಿ" ಎಂದು ಛೇಡಿಸುತ್ತಿದ್ದ. ನನ್ನ ಆಯುಷ್ಯದಲ್ಲಿ ಅಷ್ಟು ನಗು ಕೇಳಿದ ಕಾಲ ಬೇರೆ ಇಲ್ಲ.

ಒಂದು ವರ್ಷ ಮಳೆಗಾಲ ಮುಗಿದು ದೋಣಿ ಇಳಿಸಿದ ಹೊಸತು. ಬಂಗಡೆ ಸಾರು ಉಂಡು ಹೋದ ಕುಪ್ಪಯ್ಯ ತಿರುಗಿ ಬರಲಿಲ್ಲ. ದೋಣಿ ಕವುಚಿ ಬಿದ್ದದ್ದು ಸಿಕ್ಕಿತು. ಅವನು ಸಿಗಲಿಲ್ಲ.

ಕಾಯ್ಕೇರಿಯಲ್ಲಿ ಒಂದು ಪದ್ಧತಿ ಉಂಟು. ಕಡಲಿಗೆ ಹೋದವನ ಹೆಣವೂ ಸಿಗದಿದ್ದರೆ, ಅವನ ಕೊನೆಯ ಊಟಕ್ಕೆ ಮಸಾಲೆ ಕಡೆದ ಕಲ್ಲನ್ನು ಕಡಲಿಗೆ ಕೊಡಬೇಕು. ಹೋದವನು ಆ ಕಲ್ಲಿನ ಬಳಿಗೆ ಬಂದು ಉಂಡು ನೆಲೆ ನಿಲ್ಲುತ್ತಾನೆ ಎಂದು ನಂಬಿಕೆ. ದಂಡೆಗೆ ಹತ್ತಿರವೇ, ನೀರು ತಿಳಿಯಾಗಿರುವ ಕಡೆ, ತಲೆಮಾರುಗಳಿಂದ ಹಾಗೆ ಕೊಟ್ಟ ಕಲ್ಲುಗಳು ಒಂದರ ಪಕ್ಕ ಒಂದು ಸುತ್ತಾಗಿ ಕೂತಿವೆ. ಪ್ರತಿ ಕಲ್ಲಿನ ಮೇಲೂ ಊರಿನ ಎಲ್ಲ ದೋಣಿಗಳೂ ಬುಟ್ಟಿಗಟ್ಟಲೆ ಬಂಡೆಚೂರು ಸುರಿದು ದಿಬ್ಬ ಮಾಡುತ್ತವೆ. ಊರವರು ಅದನ್ನು ಕಲ್ಲುಸುತ್ತು ಅನ್ನುತ್ತಾರೆ. ಕಡೆದ ಕೈಯೇ ಕಲ್ಲನ್ನು ಬಿಡಬೇಕು, ಬೇರೆಯವರು ಬಿಡುವ ಹಾಗಿಲ್ಲ. ಒಬ್ಬನ ಜಾಗಕ್ಕೆ ಇನ್ನೊಬ್ಬನ ಕಲ್ಲು ಇಳಿಸುವ ಹಾಗೂ ಇಲ್ಲ.

ಮಾಸ್ತಮ್ಮ ನನ್ನನ್ನು ಕೊಡಲಿಲ್ಲ. ಕುಪ್ಪಯ್ಯನ ಚಿಕ್ಕಪ್ಪ ದುರ್ಗಯ್ಯ ದೋಣಿ ತಂದು ನಿಲ್ಲಿಸಿದ್ದ.

"ಅವ್ರು ಬಂದು ಉಣ್ಲಿಕ್ಕೆ ಹಾಕು ಅಂದ್ರೆ ನಾನು ಎಂತದ್ರಲ್ಲಿ ಕಡೀಲಿ?" ಎಂದು ಅವಳು ನನ್ನ ಮೇಲೆ ಎರಡೂ ಕೈ ಊರಿ ಕೂತುಬಿಟ್ಟಳು. ದುರ್ಗಯ್ಯ ಬರಿದೋಣಿ ತಿರುಗಿಸಿಕೊಂಡು ಹೋದ. ಕೊಟ್ಟರೆ ಗಂಡ ಸತ್ತನೆಂದು ತಾನೇ ಒಪ್ಪಿದ ಹಾಗೆ. ಅದು ಅವಳಿಂದ ಆಗಲಿಲ್ಲ. ಸಣ್ಣಮ್ಮ ಒಂದು ಮಾತೂ ಆಡಲಿಲ್ಲ. ಮಗನಿಗೆ ನೆಲೆ ಕಾಣಿಸಲಿಲ್ಲವೆಂದು ಅತ್ತೆಗೆ ಸಿಟ್ಟು, ಅದಕ್ಕೇ ಬಾಯಿ ಕಟ್ಟಿದೆ ಎಂದು ಸೊಸೆ ತಿಳಿದಳು. ನಾನೂ ಹಾಗೇ ತಿಳಿದಿದ್ದೆ.

ವರ್ಷಗಳು ಹೋದವು. ಆಮೇಲೆ ಹೋದವರ ಕಲ್ಲುಗಳು ಕುಪ್ಪಯ್ಯನ ಜಾಗ ಬಿಟ್ಟು ಆಚೆ ಇಳಿದವು. ಮನೆಗೆ ಮಿಕ್ಸಿ ಬಂತು, ನನ್ನನ್ನು ಅಂಗಳಕ್ಕೆ ಉರುಳಿಸಿದರು. ನನ್ನ ಗುಳಿಯ ಮಳೆನೀರು ಕೋಳಿಗಳ ಪಾಲಾಯಿತು. ಮಸಾಲೆ ಉಂಡ ಹೊಟ್ಟೆಗೆ ಕೋಳಿಯ ಕೊಕ್ಕು ಕುಟ್ಟುವ ಯೋಗ, ಕರ್ಮ! ಆದರೂ ಮಾಸ್ತಮ್ಮ ಆಗಾಗ ಬಂದು ತೊಳೆದು, ಗುಂಡನ್ನು ಒಂದು ಸುತ್ತು ತಿರುಗಿಸಿ ಹೋಗುತ್ತಿದ್ದಳು.

ಹೀಗಿರುವಾಗ ದೂರದ ಕಾಲೇಜಿನ ಮೇಷ್ಟ್ರೊಬ್ಬರು ದೋಣಿ ಬೇಕೆಂದು ದುರ್ಗಯ್ಯನನ್ನು ಹುಡುಕಿಕೊಂಡು ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಉಪಗ್ರಹ ತೆಗೆದ ಚಿತ್ರ. ನೆಲದ ಮೇಲೆ ಹಾಸಿದರೆ ಕಡಲಗಾಳಿಗೆ ಹಾರುತ್ತಿತ್ತು. ನನ್ನ ಗುಂಡನ್ನೇ ಎತ್ತಿ ಅದರ ಮೂಲೆಗೆ ಇಟ್ಟರು. ಹಸಿರು ನೀರು, ನೀರಿನೊಳಗೆ ಕಪ್ಪಗೆ ಒಂದು ಸುತ್ತು.

"ಮುಳುಗಿದ ಕೋಟೆ ಇರಬಹುದು ಅಂತ ನಮ್ಮ ಅಂದಾಜು" ಎಂದರು ಮೇಷ್ಟ್ರು. ಸುತ್ತಿನಲ್ಲಿ ಒಂದು ಕಡೆ ಕಪ್ಪು ಇರಲಿಲ್ಲ. ಅಲ್ಲಿ ಬೆರಳಿಟ್ಟು, "ನೋಡಿ, ಇಲ್ಲಿ ಖಾಲಿ ಬಿಟ್ಟಿದ್ದಾರೆ. ಇದು ಕೋಟೆಯ ಬಾಗಿಲು" ಎಂದರು.

ದುರ್ಗಯ್ಯ ತಲೆ ತಗ್ಗಿಸಿದ. ಜಗಲಿಯಲ್ಲಿದ್ದ ಸಣ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಹಾ ತಂದಿದ್ದ ಮಾಸ್ತಮ್ಮ ಬಗ್ಗಿ ಆ ಖಾಲಿ ಜಾಗವನ್ನೇ ನೋಡಿದಳು.

"ಅದು ಬಾಗಿಲಲ್ಲ" ಎಂದಳು. "ನನ್ನ ಗಂಡನ ಜಾಗ."

ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ದುರ್ಗಯ್ಯ ಮೆಲ್ಲಗೆ ಎಲ್ಲ ಹೇಳಿದ. ಪಾಪ, ಆ ಮನುಷ್ಯ ಒಳ್ಳೆಯವರು. ಚಹಾ ಆರಿಹೋಗುವವರೆಗೂ ಲೋಟ ಹಿಡಿದುಕೊಂಡೇ ಕೂತರು. ಕಲ್ಲು ಮುಟ್ಟುವುದಿಲ್ಲ ಎಂದು ಹೇಳಿ ಎದ್ದರು.

ಅವರು ಹೋದಮೇಲೆ ಮಾಸ್ತಮ್ಮ ಅತ್ತೆಯ ಕಾಲ ಬಳಿ ಕುಸಿದಳು. "ಅಷ್ಟು ಮೇಲಿಂದ ನೋಡಿದ್ರೂ ಕಾಣ್ತದಲ್ಲ ಅತ್ತೆ. ಎಲ್ಲರಿಗೂ ಜಾಗ ಆಯ್ತು, ಅವ್ರಿಗೊಬ್ರಿಗೆ ಇಲ್ಲ. ನಾನು ಹಟ ಮಾಡ್ದೆ. ನಿಮ್ಮ ಮಗನ್ನ ಬೀದಿಪಾಲು ಮಾಡ್ದೆ."

ಸಣ್ಣಮ್ಮ ಸೊಸೆಯ ತಲೆ ಹಿಡಿದುಕೊಂಡಳು. "ಹುಚ್ಚಿ! ನೀನು ಕಲ್ಲು ಕೊಡ್ಲಿಲ್ಲ ಅಂತಲೇ ನಾನೂ ಬದ್ಕಿದೆ. ದಿನಾ ಬೆಳಿಗ್ಗೆ ಎದ್ದು ಮೊದ್ಲು ಕಲ್ಲು ಉಂಟಾ ಅಂತ ನೋಡ್ತಿದ್ದೆ. ಕಲ್ಲು ಇದ್ರೆ ಮಗ ಇದ್ದ ಹಾಗೆ. ಎಲ್ಲಿ ಕೊಟ್ಟುಬಿಡ್ತೀಯೋ ಅಂತ ಹೆದ್ರಿ ನಾನು ಬಾಯೇ ಬಿಡ್ಲಿಲ್ಲ."

ಇಬ್ಬರೂ ಅತ್ತರು. ಕಲ್ಲಿಗೆ ಅಳು ಬರುವುದಿಲ್ಲ ಅನ್ನುತ್ತಾರಲ್ಲ, ಅವರನ್ನು ಆ ಹೊತ್ತು ಅಂಗಳಕ್ಕೆ ಕರೆತರಬೇಕಿತ್ತು.

ಮರುದಿನ ಬೆಳಿಗ್ಗೆ ಸಣ್ಣಮ್ಮ ಕಾಯಿ ತುರಿದುಕೊಟ್ಟಳು, ಮಾಸ್ತಮ್ಮ ಕಡೆದಳು. ಬಂಗಡೆಯ ಮಸಾಲೆ. ಬಹಳ ಹೊತ್ತು ಕಡೆದಳು, ನುಣ್ಣಗಾದ ಮೇಲೂ ಕಡೆದಳು. "ಸಾಕು ಮಗಾ" ಎಂದು ಸಣ್ಣಮ್ಮ ಹೇಳಿದ ಮೇಲೆ ಗುಂಡು ನಿಂತಿತು. ನನ್ನನ್ನು ತೊಳೆಯಲಿಲ್ಲ. ದೋಣಿಯಲ್ಲಿ ಅತ್ತೆ ಸೊಸೆ ನನ್ನ ಎರಡು ಬದಿಗೆ ಕೂತರು. ಕಲ್ಲುಸುತ್ತಿನ ಮೇಲೆ ದುರ್ಗಯ್ಯ ಹುಟ್ಟು ನಿಲ್ಲಿಸಿ ನನ್ನನ್ನು ಹಗ್ಗಕ್ಕೆ ಕಟ್ಟಿಕೊಟ್ಟ. ಮಾಸ್ತಮ್ಮ ಹಗ್ಗ ಬಿಡುತ್ತ, "ಉಂಡು ಮಲ್ಕೊಳ್ಳಿ" ಎಂದಳು. ಅವಳ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೇ ಕೊನೆ.

ಈಗ ಇಲ್ಲಿದ್ದೇನೆ. ದಿಬ್ಬ ಮಾಡುವಾಗ ಊರವರು ನನ್ನ ಗುಳಿಯನ್ನು ಮುಚ್ಚದೆ ಬಿಟ್ಟರು. ಮಸಾಲೆ ಮೊದಲ ದಿನವೇ ಮೀನುಗಳ ಪಾಲಾಯಿತು. ಮೈಮೇಲೆ ಪಾಚಿ ಬೆಳೆದಿದೆ. ಅಕ್ಕಪಕ್ಕದ ಕಲ್ಲುಗಳು ನನಗಿಂತ ಹಳಬರು, ಮಾತು ಕಡಿಮೆ. ಕುಪ್ಪಯ್ಯ ಬಂದಿಲ್ಲ. ಬರುತ್ತಾನೋ ಇಲ್ಲವೋ, ಕಲ್ಲಾದ ನನಗೆ ಹೇಗೆ ಗೊತ್ತು? ಆದರೆ ಕಾಯುವುದಕ್ಕೆ ನನಗೇನೂ ತೊಂದರೆ ಇಲ್ಲ. ಊಟ ಬೇಡ, ನಿದ್ದೆ ಬೇಡ, ವಯಸ್ಸೂ ಆಗುವುದಿಲ್ಲ. ಈ ಕೆಲಸ ಮೊದಲೇ ನನಗೆ ಬಿಡಬೇಕಿತ್ತು. ಅಷ್ಟು ವರ್ಷ ಆ ಹೆಂಗಸು ಮಾಡಿದಳು.