ಎದೆಯೆತ್ತರದ ಚಕ್ರ

ನಮ್ಮಣ್ಣನಿಗೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ಎದೆಯೆತ್ತರದ ಚಕ್ರಗಳ ಸೈಕಲ್ ಕಟ್ಟುವ ಹುಚ್ಚು ಹಿಡಿಯಿತು. ಯಾರಿಗೆ ಅಂತ ಕೇಳಿದರೆ ಯಾರಿಗೂ ಅಲ್ಲ, ಸುಮ್ಮನೆ, ಮಜಾಕ್ಕೆ ಅಂದ. ಸೈಕಲ್ ಅಂಗಡಿ ಇಟ್ಟುಕೊಂಡವರಿಗೆ ಮಜಾ ಮಾಡುವಷ್ಟು ಪುರುಸೊತ್ತು ಎಲ್ಲಿರುತ್ತದೆ ಸ್ವಾಮಿ? ಪಂಕ್ಚರು, ಬ್ರೇಕು, ಚೈನು, ಎಲ್ಲ ತಂಗಿಯಾದ ನನ್ನ ತಲೆಗೇ ಬಂತು. ಅವನು ಮಾತ್ರ ವೆಲ್ಡರ್ ಹತ್ತಿರ ಕಬ್ಬಿಣದ ಪಟ್ಟಿ ಬಗ್ಗಿಸಿ ರಿಮ್ ಮಾಡಿಸಿಕೊಂಡು, ಮಾರುದ್ದದ ತಂತಿ ಕತ್ತರಿಸಿ ಕಡ್ಡಿ ಮಾಡುತ್ತಾ ಕೂತ.

ಚಕ್ರದ ಬೆಂಡ್ ತೆಗೆಯುವುದರಲ್ಲಿ ಅಣ್ಣ ಎತ್ತಿದ ಕೈ. ರಿಮ್ ಅತ್ತಿತ್ತ ಓಲಾಡುವುದು ಕಣ್ಣಿಗೆ ಕಾಣುತ್ತದೆ. ಆದರೆ ಎಲ್ಲ ಕಡ್ಡಿಗಳ ಬಿಗಿ ಒಂದೇ ಸಮ ಇದೆಯೋ ಇಲ್ಲವೋ ಅಂತ ತಿಳಿಯಲು ಒಂದೊಂದನ್ನೇ ಬೆರಳಿನಿಂದ ಮೀಟಿ ಸದ್ದು ಕೇಳಬೇಕು. ಸದ್ದು ಒಂದೇ ಇದ್ದರೆ ಚಕ್ರ ವರ್ಷಗಟ್ಟಲೆ ನೇರ ನಿಲ್ಲುತ್ತದೆ, ಇಲ್ಲದಿದ್ದರೆ ವಾರದಲ್ಲಿ ಮತ್ತೆ ಬೆಂಡು.

ಒಂದು ವರ್ಷದಿಂದ ಅವನು ಬೆಂಡು ತೆಗೆದ ಚಕ್ರ ಯಾವುದೂ ನೇರ ನಿಲ್ಲುತ್ತಿರಲಿಲ್ಲ. ಅಂಚೆಯವನು ಒಂದೇ ತಿಂಗಳಲ್ಲಿ ಮೂರು ಸಲ ಬಂದು, ನಿಮ್ಮಣ್ಣನಿಗೆ ಕೆಲಸದ ಮೇಲೆ ಗಮನವೇ ಇಲ್ಲವಲ್ಲ ಅಂತ ಗೊಣಗಿದ. ಅಂದಿನಿಂದ ಅಣ್ಣ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಲೆಲ್ಲ ಅವನು ಮುಗಿಸಿಟ್ಟ ಚಕ್ರಗಳನ್ನು ನಾನು ಕದ್ದು ಇನ್ನೊಮ್ಮೆ ಬಿಗಿಯುತ್ತಿದ್ದೆ. ನೊಂದುಕೊಳ್ಳುತ್ತಾನೆ ಅಂತ ಆ ವಿಷಯ ಬಾಯಿ ಬಿಡಲಿಲ್ಲ. ಉಳಿದದ್ದಕ್ಕೆಲ್ಲ ಬೈದೇ ಬೈದೆ, ನನ್ನ ಬಾಯಿಯೇ ಹಾಗೆ. ಬೆನ್ನ ಹಿಂದೆ ನಿಂತು ಎಷ್ಟು ಕೂಗಾಡಿದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಜಾಣಕಿವುಡು ಅಂತ ಅತ್ತಿಗೆಯ ಹತ್ತಿರ ಚಾಡಿ ಹೇಳಿದೆ. ಮನೆಯಲ್ಲೂ ಅದೇ ಕಥೆ ಅಂದಳು ಅತ್ತಿಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ.

ಮೊದಲನೇ ದೊಡ್ಡ ಚಕ್ರಕ್ಕೆ ಕಡ್ಡಿ ಬಿಗಿಯುತ್ತಿದ್ದ ದಿನ ನನಗೆ ರೇಗಿಹೋಯಿತು. ಎದುರಿಗೇ ಹೋಗಿ ನಿಂತು, ಇದನ್ನೇನು ತಲೆ ಮೇಲೆ ಹೊತ್ತುಕೊಂಡು ಮೆರೆಯುತ್ತೀಯಾ ಅಂತ ಕೇಳಿದೆ. ಅವನು ಒಂದು ಕಡ್ಡಿ ಮೀಟಿದ. ದಪ್ಪನೆಯ ಸದ್ದು ಬಂತು. ಪಕ್ಕದ್ದನ್ನು ಮೀಟಿ, ಕಡ್ಡಿ ಬಿಗಿಯುವ ಕೀಯನ್ನು ಒಂದಿಷ್ಟೇ ತಿರುಗಿಸಿ, ಮತ್ತೆ ಮೀಟಿದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತ್ತು.

"ಇದು ಕೇಳಿಸುತ್ತೆ ಕಣೇ," ಅಂದ. "ಮಾಮೂಲಿ ಚಕ್ರದ್ದು ಕೇಳಿಸಲ್ಲ, ವರ್ಷ ಆಯ್ತು. ಕಡ್ಡಿ ಉದ್ದ ಆದಷ್ಟೂ ಸದ್ದು ದಪ್ಪ ಆಗುತ್ತೆ. ಅದೊಂದು ಇನ್ನೂ ಸಿಗುತ್ತೆ ನಂಗೆ. ಇದು ಸರಿಯಾಗಿ ಬಂದ್ರೆ ಅಂಗಡಿಗೆ ಬರ್ತೀನಿ. ಬರದಿದ್ರೆ ಮನೇಲಿ ಕೂತ್ಕೋತೀನಿ."

ಜಾಣಕಿವುಡು ಅಂದ ನನ್ನ ನಾಲಿಗೆ ಸೇದಿಹೋಗಬಾರದಿತ್ತೆ ಅನ್ನಿಸಿತು. ಡಾಕ್ಟರ ಹತ್ತಿರ ಹೋಗೋಣ ಅಂದೆ. ಹೋಗಿಬಂದಿದ್ದೇನೆ, ಹೋದ ಕಿವಿ ಹೋದ ಹಾಗೆಯೇ ಅಂತೆ ಅಂದ.

ಎರಡು ವಾರಕ್ಕೆ ಸೈಕಲ್ ಸಿದ್ಧವಾಯಿತು. ಹತ್ತಿ ಓಡಿಸಬೇಕಾದ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಅದರ ಮುಂಭಾಗವನ್ನು ಮರದ ಪೆಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿ, ಅಣ್ಣ ಚಕ್ರವನ್ನು ಜೋರಾಗಿ ತಿರುಗಿಸಿದ. ಕೂದಲೆಳೆಯಷ್ಟೂ ಓಲಾಟವಿಲ್ಲ. ಅತ್ತಿಗೆ ಚಪ್ಪಾಳೆ ತಟ್ಟಿದಳು. ಅಣ್ಣ ಮಾತ್ರ ನನ್ನ ಕಡೆ ತಿರುಗಿದ.

"ನಿಜ ಹೇಳು. ಇದನ್ನೂ ನೀನೇ ಸರಿ ಮಾಡಿದ್ಯಾ?"

ಇಲ್ಲ ಅಂದೆ. ಅಪ್ಪನ ಮೇಲೆ ಆಣೆ ಇಟ್ಟೆ.

"ನಾನು ಇಟ್ಟುಹೋದ ಕೀ ಬರೋ ಹೊತ್ತಿಗೆ ಬೇರೆ ಕಡೆ ಇರ್ತಿತ್ತು," ಅಂದ. "ನಂಗೆ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ವರ್ಷಪೂರ್ತಿ ಕದ್ದು ಮುಟ್ಟಿದವಳು ಇದನ್ನ ಮುಟ್ಟಿಲ್ಲ ಅಂದ್ರೆ ಹೇಗೆ ನಂಬ್ಲಿ?"

ಅವನು ನನ್ನನ್ನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ, ಅಂಗಡಿಯ ಬೀಗದ ಕೈಯನ್ನು ನನ್ನ ಮುಂದಿಟ್ಟ. ನನಗೆ ಕೋಪ ನೆತ್ತಿಗೇರಿತು, ಅವನ ಮೇಲಲ್ಲ. ಕಡ್ಡಿ ಬಿಗಿಯುವ ಕೀ ತೆಗೆದುಕೊಂಡು, ಅವರಿಬ್ಬರೂ ನೋಡುತ್ತಿದ್ದ ಹಾಗೆಯೇ ಮುಂದಿನ ಚಕ್ರದ ಕಡ್ಡಿಗಳನ್ನು ಒಂದಾದ ಮೇಲೊಂದು ಸಡಿಲಿಸುತ್ತಾ ಹೋದೆ. ನಿನಗೇನು ಬಂತೇ ಅಂತ ಅತ್ತಿಗೆ ಕೈ ಹಿಡಿದಳು. ಕೊಡವಿಕೊಂಡು ಪೂರ್ತಿ ಸಡಿಲಿಸಿದೆ. ತಿರುಗಿಸಿದರೆ ಚಕ್ರ ಕುಡುಕನ ಹಾಗೆ ತೂರಾಡಿತು. ಕೀಯನ್ನು ಅಣ್ಣನ ಅಂಗೈಗೆ ಒತ್ತಿ, ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತು, ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡೆ.

"ಈಗ ಮಾಡು," ಅಂದೆ, ಬಾಯಿ ನೋಡಿದರೇ ತಿಳಿಯುವ ಹಾಗೆ. "ನನ್ನ ಕೈ ಎರಡೂ ಇಲ್ಲಿವೆ."

ಹತ್ತು ಗಂಟೆಗೆ ಶುರು ಮಾಡಿದ. ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಅಂತ ಕೂತಲ್ಲಿಂದಲೇ ಸಾಗಹಾಕಿದೆ. ಅಂಗೈ ಜೋಮು ಹಿಡಿಯಿತು. ಹಾಳಾದ ಮೂಗು ಬೇರೆ ಅವತ್ತೇ ತುರಿಸಬೇಕೆ? ಅತ್ತಿಗೆಯ ಕೈಲಿ ತುರಿಸಿಕೊಂಡೆ. ಅವನು ಮೀಟುವುದು, ತಿರುಗಿಸುವುದು, ತಲೆ ವಾಲಿಸಿ ಕೇಳುವುದು ಮಾಡುತ್ತಲೇ ಇದ್ದ. ನಡುವೆ ಎರಡು ಸಲ ಆಗಲ್ಲ ಅಂತ ಕೀ ಕೆಳಗಿಟ್ಟ. ನಾನು ಏಳಲಿಲ್ಲ. ಮತ್ತೆ ಎತ್ತಿಕೊಂಡ.

ಮೂರು ಗಂಟೆಗೆ ಚಕ್ರ ತಿರುಗಿಸಿದ. ಫೋರ್ಕಿಗೂ ರಿಮ್ಮಿಗೂ ನಡುವಿನ ಸಂದು ಸುತ್ತು ಪೂರ್ತಿ ಒಂದೇ ಅಳತೆ. ಅವನು ಅದನ್ನು ನೋಡುತ್ತಿರಲಿಲ್ಲ. ಕಣ್ಣು ತುಂಬಿಕೊಂಡು ನನ್ನ ತೊಡೆಯ ಕೆಳಗಿನ ಕೈಗಳನ್ನೇ ನೋಡುತ್ತಿದ್ದ. ನನಗೂ ಅಳು ಬಂತು, ಮೂಗು ಸೋರಿತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

"ಈಗ ಮುಟ್ಟು," ಅಂದ ಅಣ್ಣ. "ಹಿಡ್ಕೋ ಬಾ, ನಾನು ಹತ್ತಬೇಕು."