ಸತ್ಯವ್ವನ ಮಣ್ಣಿಗೆ ಸೂಟಿ ಇಲ್ಲ

ಆಂಬುಲೆನ್ಸಿನಿಂದ ಸತ್ಯವ್ವನ ದೇಹವನ್ನು ಇಳಿಸುತ್ತಿದ್ದಾಗಲೇ ಶಾಲೆಯ ಗಂಟೆ ಹೊಡೆಯಿತು. ತಲೆಯ ಕಡೆ ಹಿಡಿದಿದ್ದ ಮಗ ಅಮರ ಒಮ್ಮೆ ಆ ಕಡೆ ನೋಡಿದ. ಬೆಳಗಾವಿಯ ಅನಗೋಳದಲ್ಲಿ, ಅವನ ಮನೆಯಲ್ಲೇ ತಾಯಿ ಕೊನೆಯ ಐದು ವರ್ಷ ಕಳೆದಿದ್ದಳು. ನಿನ್ನೆ ಸಂಜೆ ಅಲ್ಲೇ ತೀರಿಕೊಂಡಳು. ಮಣ್ಣು ಮಾತ್ರ ತನ್ನ ಹೊಲದಲ್ಲೇ ಆಗಬೇಕೆಂದು ಹೇಳಿದ್ದರಿಂದ ಬೆಳಿಗ್ಗೆಯೇ ಖಾನಾಪುರ ದಾಟಿ ಈ ಹಳ್ಳಿಗೆ ಕರೆತಂದಿದ್ದರು.

"ಇವತ್ತರ ಸಾಲಿಗೆ ಸೂಟಿ ಕೊಡಬಾರದಾಗಿತ್ತೇನ್ರಿ?" ಎಂದ ಅಮರ. ಹದಿನೇಳು ವರ್ಷ ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು ಬಾಗಿಲಿಗೆ ಬಂದು ಮಲಗಿರುವಾಗ ಪಾಠ ನಡೆಯುವುದು ಅವನಿಗೆ ಅವಮಾನದಂತೆ ಕಂಡಿತ್ತು.

"ಹೆಡಮಾಸ್ತರು ಕೊಡ್ತೀನಿ ಅಂದಿದ್ರು, ತಮ್ಮಾ," ಎಂದು ಓಣಿಯ ಹಿರಿಯ ದುಂಡಪ್ಪ ಹೇಳಿದ. "ಬ್ಯಾಡ ಅಂದಾಂವ ನಾನ."

ಅಮರನ ಅಕ್ಕ ಮಾಲಾ ಆಂಬುಲೆನ್ಸಿನಿಂದ ಹಿಂದೆಯೇ ಇಳಿದಳು. ಬೆಳಗಾವಿಯ ಖಾಸಬಾಗದ ಒಂದು ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸ ಅವಳದು. ಸುದ್ದಿ ಕೇಳಿದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಅದನ್ನು ನೆಂಟರೆಲ್ಲ ಗಮನಿಸಿದ್ದರು.

*

ಮಾಲಾ ಮೂರನೆಯ ಇಯತ್ತೆಯಲ್ಲಿದ್ದಾಗ ತಂದೆ ತೀರಿಹೋದ. ಅಮರನಿಗೆ ಆಗ ಎಂಟು ತಿಂಗಳು. ಸತ್ಯವ್ವ ಕಳೆ ತೆಗೆಯಲು ಹೋಗಬೇಕು, ಕೂಸನ್ನು ಯಾರಾದರೂ ನೋಡಿಕೊಳ್ಳಬೇಕು. ಒಂದು ಸೋಮವಾರ ಮಾಲಾಳ ಬಗಲಿಂದ ಪಾಟಿಚೀಲ ಇಳಿಸಿ ತಮ್ಮನನ್ನು ಕೂರಿಸಿದಳು. ಮಾಸ್ತರರು ಎರಡು ಸಲ ಮನೆಗೆ ಬಂದು ಕೇಳಿದರು. ಎರಡು ಸಲವೂ ಸತ್ಯವ್ವ, ಕೂಸನ್ನು ಯಾರು ಹಿಡಿಯುತ್ತಾರೆ ಎಂದು ತಿರುಗಿ ಕೇಳಿದಳು. ಮೂರನೆಯ ಸಲ ಯಾರೂ ಬರಲಿಲ್ಲ.

ಅಮರ ನಡೆಯತೊಡಗಿದ, ಓಡತೊಡಗಿದ, ಶಾಲೆಗೆ ಹೋದ. ಅಷ್ಟರಲ್ಲಿ ಮಾಲಾ ತಾಯಿಯ ಜೊತೆ ಹೊಲಕ್ಕೆ ಹೋಗುತ್ತಿದ್ದಳು. ಹದಿನೇಳಕ್ಕೆ ಮದುವೆಯಾಗಿ ಖಾಸಬಾಗ ಸೇರಿದಳು. ತವರಿಗೆ ಬಂದಾಗ ತಾಯಿ ಮಗಳು ಎಲ್ಲ ಮಾತಾಡುತ್ತಿದ್ದರು, ಶಾಲೆ ಬಿಡಿಸಿದ ಅದೊಂದನ್ನು ಬಿಟ್ಟು.

*

ಹೆಂಗಸರು ಮೈ ತೊಳೆದು ಹೊಸ ಸೀರೆ ಉಡಿಸಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದರು. ದುಂಡಪ್ಪ ಬಂದು ಮಾಲಾಳ ಎದುರು ಕುಳಿತ.

ಸತ್ಯವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಯಾವ ಮಗು ಶಾಲೆ ತಪ್ಪಿಸಿದೆ ಎಂಬುದು ಮಾಸ್ತರರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು ಎಂದು ಅವನು ಹೇಳಿದ. ಮಧ್ಯಾಹ್ನ ಊಟದ ಸಾಲಿನಲ್ಲಿ ಒಂದು ಮುಖ ಕಾಣದಿದ್ದರೆ ಸಾಕು, ಪಾತ್ರೆ ತೊಳೆದಿಟ್ಟು ನೇರ ಆ ಮನೆಗೆ ನಡೆಯುತ್ತಿದ್ದಳು. ದುಂಡಪ್ಪನ ಮನೆಗೂ ಹಾಗೇ ಬಂದಳು. ಗಂಡ ಹೆಂಡತಿ ಕುರಿಯ ಹಿಂದೆ ಹೋಗುತ್ತಿದ್ದರಿಂದ ಹತ್ತು ವರ್ಷದ ಮಗಳು ನೇತ್ರಾಳನ್ನು ಚಿಕ್ಕ ಕೂಸಿನ ಕಾವಲಿಗೆ ಬಿಟ್ಟಿದ್ದರು.

"ನಾ ಸುಮ್ನ ಇರಲಿಲ್ಲ ಯವ್ವಾ," ಎಂದ ದುಂಡಪ್ಪ. "ನಿನ್ನ ಮಗಳನ್ನ ಸಾಲಿ ಬಿಡಿಸಿ, ನನಗ ಬುದ್ಧಿ ಹೇಳಾಕ ಬಂದೀ ಏನ ಅಂತ ಓಣ್ಯಾಗ ನಿಂತ ಅಂದೆ. ನಾಕ ಮಂದಿ ಕೇಳೂವಂಗ."

ಮಾಲಾ ತಲೆಯೆತ್ತಿದಳು.

"ಹೌದು, ಬಿಡಿಸೇನಿ, ಅದಕ್ಕ ಬಂದೇನಿ ಅಂದ್ಲು. ಆವತ್ತ ಕೂಸಿನ್ನ ಹಿಡಿಯಾಕ ಯಾರರ ಒಬ್ರು ಬಂದಿದ್ರ ನನ್ನ ಮಾಲಾ ಓದತಿದ್ಲು. ನಿನ್ನ ಕೂಸಿನ್ನ ನನಗ ಕೊಡು ಅಂತ ಕೈ ಚಾಚಿದ್ಲು."

ಮರುದಿನದಿಂದ ಶಾಲೆಯ ಅಡುಗೆಮನೆಯ ಹಿಂದಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಬಿತ್ತು. ತಿಂಗಳೊಳಗೆ ನಾಲ್ಕು ಜೋಳಿಗೆಗಳು. ಅವಳು ಒಲೆಯ ಮುಂದಿದ್ದಾಗ ತೂಗಲು ಓಣಿಯ ಮುದುಕಿಯರು ಪಾಳಿಯ ಮೇಲೆ ಬಂದು ಕುಳಿತರು. ಕೂಸಿನ ಕಾರಣ ಮುಗಿದ ಮೇಲೆ, ಮಕ್ಕಳನ್ನು ಕುರಿ ಕಾಯಲು ಕಳಿಸುವ ಕಾರಣ ಉಳಿಯಿತು. ಅದಕ್ಕೆ ಸತ್ಯವ್ವ ದುಂಡಪ್ಪನನ್ನೇ ಎಬ್ಬಿಸಿಕೊಂಡು ಮನೆಮನೆಗೆ ಹೋದಳು. ಆರು ಮನೆಯ ಕುರಿಗಳನ್ನು ಒಂದೇ ಹಿಂಡು ಮಾಡಿ, ದೊಡ್ಡವರೇ ಸರದಿಯಲ್ಲಿ ಮೇಯಿಸುವುದೆಂದು ಮಾತಾಯಿತು. ಬೈದವರಿದ್ದರು, ಬಾಗಿಲು ಹಾಕಿಕೊಂಡವರಿದ್ದರು. ಅಂಥ ಮನೆಯ ಕಟ್ಟೆಯ ಮೇಲೆ ಕುಳಿತು ಅವರ ಜೋಳ ಹಸನು ಮಾಡಿಕೊಟ್ಟು ಬರುತ್ತಿದ್ದಳು, ಮರುದಿನ ಮತ್ತೆ ಹೋಗುತ್ತಿದ್ದಳು. ನಾಲ್ಕು ವರ್ಷವಾಗುವ ಹೊತ್ತಿಗೆ ಊರಿನಲ್ಲಿ ಶಾಲೆ ತಪ್ಪಿಸುವ ಮಗು ಉಳಿದಿರಲಿಲ್ಲ. ನೇತ್ರಾ ಓದಿ ಈಗ ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು.

"ಒಂದೊಂದ ಮನಿ ಬಾಗಲದಾಗೂ ನಿನ್ನ ಹೆಸರ ಹೇಳಿದ್ಲು," ಎಂದ ದುಂಡಪ್ಪ. "ತನ್ನ ತಪ್ಪ ಮುಚ್ಚಿಡಲಿಲ್ಲ."

"ನನ್ನ ಮುಂದ ಹೇಳಲಿಲ್ಲಲ್ಲ ಕಾಕಾ," ಎಂದಳು ಮಾಲಾ.

ಬಾಗಿಲಲ್ಲಿ ನಿಂತಿದ್ದ ಅಮರ ಅಕ್ಕನನ್ನು ನೋಡಲಾರದೆ ನೆಲ ನೋಡಿದ. ಆ ದಿನಗಳಲ್ಲಿ ಅವನು ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಮಾಲಾ ಎದ್ದು ತಾಯಿಯ ಮುಂದೆ ಕುಳಿತಳು. ಮೊದಲ ಸಲ ನೋಡುವವಳಂತೆ ಆ ಮುಖವನ್ನು ನೋಡಿದಳು. ಸುಟ್ಟ ಕಲೆಗಳಿದ್ದ ಮೊಣಕೈ ಮುಟ್ಟಿದಳು. ಇಷ್ಟು ಸಣ್ಣ ಮೈಯ ಹೆಂಗಸು ಅಷ್ಟು ಬಾಗಿಲುಗಳಿಗೆ ಹೋಗಿ ನಿಂತದ್ದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಹನ್ನೆರಡರ ಸುಮಾರಿಗೆ ದೇಹವನ್ನು ಎತ್ತಿದರು. ಭಜನೆಯವರು ಮುಂದೆ, ಊರು ಹಿಂದೆ. ಹೊಲದ ದಾರಿ ಶಾಲೆಯ ಮುಂದೆಯೇ ಹಾಯುತ್ತದೆ. ಅಲ್ಲಿಗೆ ಬಂದಾಗ ದುಂಡಪ್ಪ ಕೈಯೆತ್ತಿದ. ತಾಳ ನಿಂತಿತು. ಹೆಗಲು ಕೊಟ್ಟವರೂ ನಿಂತರು. ಒಂದು ಮಗುವೂ ಹೊರಗೆ ಬರಲಿಲ್ಲ. ಒಳಗೆ ನೇತ್ರಾ, ಅತ್ತು ಕೆಂಪಾದ ಕಣ್ಣಿನಲ್ಲೇ, ಒಂದನೆಯ ಇಯತ್ತೆಗೆ ಕಾಗುಣಿತ ಹೇಳಿಕೊಡುತ್ತಿದ್ದಳು. ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಿದ್ದವು.

ಮಾಲಾ ಗುಂಪಿನಿಂದ ಹೊರಬಂದು ಕಿಟಕಿಯ ಸರಳು ಹಿಡಿದು ನಿಂತಳು. ಚಾಪೆಯ ಮೇಲೆ ತುದಿಯಿಂದ ತುದಿಗೆ ಮಕ್ಕಳು ಕುಳಿತಿದ್ದವು. ಕ ಕಾ ಕಿ ಕೀ, ಎನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವಳ ತುಟಿಗಳೂ ಅಲುಗತೊಡಗಿದವು. ಮೊದಲು ಸದ್ದಿಲ್ಲದೆ, ಆಮೇಲೆ ಹತ್ತಿರ ನಿಂತವರಿಗೆ ಕೇಳುವಷ್ಟು. ಕು ಕೂ ದಾಟಿ, ಕೊನೆಯವರೆಗೂ, ಒಂದನ್ನೂ ತಪ್ಪದೆ. ಹೊತ್ತವರು ಹೆಗಲು ಬದಲಿಸಿದರೇ ಹೊರತು ಯಾರೂ ಮುಂದೆ ನಡೆಯಲಿಲ್ಲ.