ಪೆರಾಬೆಯ ಮನೆಯ ನೀರು

ಸುಂದರಿಗೆ ರೆಸಾರ್ಟೂ ಬೇಕಾಗಿರಲಿಲ್ಲ, ಗುಡ್ಡದ ಗಾಳಿಯೂ ಬೇಕಾಗಿರಲಿಲ್ಲ. ಮಂಗಳೂರಿನ ಫ್ಲ್ಯಾಟಿನ ಹೆಂಗಸರೆಲ್ಲ ಸೇರಿ ಇಚಿಲಂಪಾಡಿಯ ಗುಡ್ಡದ ಮೇಲಿನ ರೆಸಾರ್ಟಿಗೆ ಒಂದು ದಿನದ ಪ್ರವಾಸ ಗೊತ್ತುಮಾಡಿದಾಗ ಅವಳು ಕೇಳಿದ್ದು ಒಂದೇ ಮಾತು.

"ವ್ಯಾನು ಪೆರಾಬೆಯಾಗಿ ಹೋಗುದಾ?"

ಹೌದೆಂದರು. "ಹಾಗಾದ್ರೆ ನಾನೂ ಬರ್ತೇನೆ" ಅಂದಳು. ಪ್ರವಾಸವೆಂದರೆ ಸಾಕು, ಸೊಂಟನೋವು ಬರಿಸಿಕೊಳ್ಳುತ್ತಿದ್ದ ಹೆಂಗಸು! ಗುಂಪಿನ ಮುಂದಾಳು ಪ್ರೀತಿಕಾ ಮೂಗಿನ ಮೇಲೆ ಬೆರಳಿಟ್ಟಳು.

ಪೆರಾಬೆಯಲ್ಲಿ ರಸ್ತೆಗೆ ತಾಗಿಕೊಂಡೇ ಸುಂದರಿಯ ಅಣ್ಣ ತ್ಯಾಂಪಣ್ಣನ ಮನೆ. ಆ ಮನೆಯ ನೀರು ಕುಡಿಯದೆ ಹತ್ತು ಹನ್ನೆರಡು ವರ್ಷ ಕಳೆದಿತ್ತು. ಕಾರಣ ಕೇಳಿದರೆ ನೀವು ನಗಬಹುದು. ನಗುವ ಮೊದಲು ನಿಮ್ಮ ಮನೆಯದ್ದೇ ಒಂದು ಜಗಳ ನೆನಪು ಮಾಡಿಕೊಳ್ಳಿ. ಅಣ್ಣನ ಮಗ ದಿಶಾಂತನ ಮದುವೆಯ ಕಾಗದ ಬಂದದ್ದು ಬಸ್ಸಿನ ಕಂಡಕ್ಟರನ ಕೈಯಲ್ಲಿ. ತಂಗಿಯ ಮನೆಗೆ ಅಣ್ಣ ತಾನೇ ಬಂದು, ಎಲೆ ಅಡಿಕೆ ಕೊಟ್ಟು, ಬಾಯಿತುಂಬ ಕರೆಯುವುದು ಕ್ರಮ. ಸುಂದರಿಗೆ ಮೈಯೆಲ್ಲ ಉರಿದುಹೋಯಿತು. "ನಾನೆಂತ ಪಾರ್ಸೆಲ್ಲಾ? ಇನ್ನು ನಿಮ್ಮ ಮನೆಯ ಒಂದು ಹನಿ ನೀರು ಮುಟ್ಟಿದ್ರೆ ಕೇಳಿ" ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದವಳು ಮದುವೆಗೆ ಹೋಗಲೇ ಇಲ್ಲ.

ಅಣ್ಣ ಅಂಗಳದಲ್ಲಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ, ಅದಕ್ಕೇ ಬರಲಿಲ್ಲ ಎಂದು ತಿಳಿದದ್ದು ಮದುವೆ ಕಳೆದ ಮೇಲೆ. ತಿಳಿದ ದಿನವೇ ಓಡಬೇಕಿತ್ತು. ಓಡಲಿಲ್ಲ. ಆಡಿದ ಮಾತನ್ನು ನುಂಗುವುದು ಹೇಗೆ? ಅವನು ಬಂದು ಕರೆಯಲಿ ಎಂದು ಇವಳು, ಅವಳಾಗಿಯೇ ಬರಲಿ ಎಂದು ಅವನು. ಒಂದೇ ತಾಯಿಯ ಹಾಲು ಕುಡಿದವರ ಹಟ ಬೇರೆ ಬೇರೆ ಇರುತ್ತದೆಯೇ?

ಈಗ ಅಣ್ಣನಿಗೆ ವಯಸ್ಸಾಯಿತು, ತನಗೂ ಆಯಿತು. ಇಬ್ಬರಲ್ಲೊಬ್ಬರು ಹೋಗುವ ಮೊದಲು ಆ ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿಯಬೇಕು. ಪ್ರವಾಸ ಒಳ್ಳೆಯ ನೆಪ. "ಈ ದಾರಿಯಲ್ಲಿ ಬಂದೆ, ಬಾಯಾರಿತು" ಅಂದರಾಯಿತು. ಸೋತ ಹಾಗೂ ಅಲ್ಲ.

ಉಪ್ಪಿನಂಗಡಿಯಲ್ಲಿ ಚಾ ಕುಡಿದು ಹೊರಟ ಮೇಲೆ ಪೆರಾಬೆ ಬಂದೇಬಿಟ್ಟಿತು. ಮನೆಯೆದುರಿನ ರಸ್ತೆಯುಬ್ಬಿನ ಹತ್ತಿರ ವ್ಯಾನು ನಿಧಾನವಾಯಿತು. ಅಂಗಳದಲ್ಲಿ ಅಣ್ಣ ಬಗ್ಗಿಕೊಂಡು ಕರಿಮೆಣಸು ಹರಡುತ್ತಿದ್ದ. ಎಷ್ಟು ಬಡವಾಗಿದ್ದಾನೆ, ದೇವರೇ! ಅವನು ತಲೆಯೆತ್ತಿದ. ವ್ಯಾನಿನ ಮುಂದೆ ರೆಸಾರ್ಟಿನ ಹೆಸರಿನ ಬ್ಯಾನರು, ಕಿಟಕಿಯಲ್ಲಿ ಸುಂದರಿ. ಕಣ್ಣಿಗೆ ಕಣ್ಣು ಸೇರಿತೋ ಇಲ್ಲವೋ, ಅವಳಿಗೆ ಖಾತ್ರಿಯಾಗಲಿಲ್ಲ. "ನಿಲ್ಲಿಸಿ" ಎಂಬ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂತಿತು. ಬರುವಾಗ ಇಳಿಯುವ ಅಂದುಕೊಂಡಳು. ಧೈರ್ಯವಿಲ್ಲದವರಿಗೆ "ಬರುವಾಗ" ಎಂಬ ಮಾತೊಂದು ಯಾವಾಗಲೂ ಇರುತ್ತದೆ.

ರೆಸಾರ್ಟಿನಲ್ಲಿ ಎಲ್ಲರ ಕೈಗೂ ಹಳದಿ ಬ್ಯಾಂಡು ಕಟ್ಟಿದರು. ಸೆರಗು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ತಾಮ್ರದ ಲೋಟದಲ್ಲಿ ನೀರು, ಜೊತೆಗೆ ಬೆಲ್ಲದ ಚೂರು ತಂದಳು. "ನಮ್ಮ ಊರಿನ ಕ್ರಮ ಅಮ್ಮ, ಬಂದವರಿಗೆ ಮೊದಲು ಇದು." ಸುಂದರಿ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಈ ನೀರಿಗಾಗಿ ಅವಳು ಇಷ್ಟು ದೂರ ಬಂದದ್ದಲ್ಲ.

ಉಳಿದವರು ಕೊಳಕ್ಕಿಳಿದರು, ಮಳೆಯಿಲ್ಲದ ದಿನ ಪೈಪಿನ ಮಳೆಯಲ್ಲಿ ಕುಣಿದರು. "ಸುಪ್ರಿತಾಳ ಅಮ್ಮ, ನೀವೂ ಬನ್ನಿ!" ಎಂದು ಪ್ರೀತಿಕಾ ಕೂಗಿದಳು. ಫ್ಲ್ಯಾಟಿನಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಮಗಳು ಸುಪ್ರಿತಾಳ ಮನೆಗೆ ಬಂದಂದಿನಿಂದ ಬೇರೆ ಹೆಸರು ಯಾರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಸುಂದರಿ ಗುಡ್ಡದ ಅಂಚಿನ ಬೆಂಚಿನಲ್ಲಿ ಒಬ್ಬಳೇ ಕೂತು, "ಅಣ್ಣ, ಬಾಯಾರಿತು" ಎಂಬುದನ್ನು ಮೆಲ್ಲಗೆ ಹೇಳಿ ಹೇಳಿ ಅಭ್ಯಾಸ ಮಾಡಿದಳು.

ಸಂಜೆ ಹೊರಡುವಾಗ ಗೇಟಿನಲ್ಲಿ ಕಾವಲಿನ ಸಿಬಿ ಎಲ್ಲರ ಬ್ಯಾಂಡು ಕತ್ತರಿಸುತ್ತ ಕೇಳಿದ.

"ನಿಮ್ಮಲ್ಲಿ ಸುಂದರಿ ಅಂತ ನಿಜವಾಗ್ಲೂ ಯಾರೂ ಇಲ್ವಾ ಮಾರಾಯ್ರೆ? ಮಧ್ಯಾಹ್ನ ಪೆರಾಬೆಯ ಅಜ್ಜ ಒಬ್ರು ರಿಕ್ಷಾ ಮಾಡಿಕೊಂಡು ಬಂದಿದ್ರು. 'ತಂಗಿ ಒಳಗೆ ಉಂಟು, ಕರೀಲಿಕ್ಕೆ ಬಂದದ್ದು' ಅಂದ್ರು. ಬ್ಯಾಂಡ್ ಇಲ್ಲದೆ ನಾನು ಬಿಡುವ ಹಾಗಿಲ್ಲ. ಒಳಗೆ ಫೋನ್ ಮಾಡಿ ಕೇಳಿಸಿದೆ."

"ಹೌದು, ರೆಸಾರ್ಟಿನವರು ಬಂದು ಕೇಳಿದ್ರು" ಅಂದಳು ಪ್ರೀತಿಕಾ. "ನಮ್ಮಲ್ಲಿ ಆ ಹೆಸರಿನವರು ಇಲ್ಲ ಅಂತ ಹೇಳಿದ್ದೇನೆ."

ಸುಂದರಿ ಸಿಬಿಯ ಕಡೆ ತಿರುಗಿದಳು. "ಅವರೆಂತ ಹೇಳಿದ್ರು?"

"'ಇಲ್ಲ ಅಂತ ಹೇಳಿಸಿದ್ಲಾ?' ಅಂತ ಕೇಳಿದ್ರು. ಕೈಯಲ್ಲಿ ಎಲೆ ಅಡಿಕೆಯ ಕಟ್ಟು ಇತ್ತು. ಅದನ್ನು ಹಿಡ್ಕೊಂಡು ವಾಪಸು ಹೋದ್ರು, ಪಾಪ."

"ನಾನೇ ಸುಂದರಿ" ಅಂದಳು ಅವಳು.

ಪೆರಾಬೆಯಲ್ಲಿ ಈ ಸಲ ಅವಳ ಗಂಟಲು ಕೈಕೊಡಲಿಲ್ಲ. ವ್ಯಾನು ನಿಲ್ಲುವ ಮೊದಲೇ ಎದ್ದು ನಿಂತಿದ್ದಳು. ಅಣ್ಣ ಜಗಲಿಯಲ್ಲಿ ಕೂತಿದ್ದ. ಅವಳು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಗೋಡೆ ಹಿಡಿದು ಎದ್ದ, ಕುಂಟುತ್ತ ಒಳಗೆ ಹೋದ. ಅತ್ತಿಗೆ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಒಳಗಿನಿಂದ ಅಣ್ಣನ ಮಾತು ಬಂತು.

"ತ್ಯಾಂಪಣ್ಣ ಅಂತ ಇಲ್ಲಿ ಯಾರೂ ಇಲ್ಲ ಅಂತ ಹೇಳು."

"ಅಣ್ಣ, ನಾನು ಹೇಳಿಸಿದ್ದಲ್ಲ! ನನ್ನಾಣೆ! ಅವರಿಗೆ ನನ್ನ ಹೆಸರೇ ಗೊತ್ತಿಲ್ಲ."

"ಹೆಸರು ಗೊತ್ತಿಲ್ಲದವರ ಒಟ್ಟಿಗೆ ಗುಡ್ಡ ಹತ್ಲಿಕ್ಕೆ ಆಗ್ತದೆ. ಅಣ್ಣನ ಅಂಗಳಕ್ಕೆ ಇಳೀಲಿಕ್ಕೆ ಆಗುದಿಲ್ಲ. ಬೆಳಿಗ್ಗೆ ನನ್ನನ್ನು ನೋಡಿದ್ದಿ."

ನೋಡಿದ್ದು ಹೌದು. ಆಗಲೇ ಇಳಿದಿದ್ದರೆ ಹೆಸರು ಯಾರಿಗೆ ಬೇಕಿತ್ತು?

ಜಗಲಿಯ ಮೇಲೆ ಒಂದು ಚೆಂಬು, ತಟ್ಟೆಯಲ್ಲಿ ಬೆಲ್ಲ. ಬೆಲ್ಲಕ್ಕೆ ಇರುವೆ ಮುತ್ತಿತ್ತು. "ನಿನ್ನನ್ನು ಕರೀಲಿಕ್ಕೆ ಹೊರಡುವಾಗ ಅವರೇ ತಂದಿಟ್ಟದ್ದು" ಅಂದಳು ಅತ್ತಿಗೆ ಸಣ್ಣ ದನಿಯಲ್ಲಿ. "ಮತ್ತೆ ಅದನ್ನು ತೆಗೀಲಿಕ್ಕೂ ಬಿಡ್ಲಿಲ್ಲ."

ಸುಂದರಿ ಜಗಲಿಯ ಮೇಲೆ ಕೂತಳು. ಇರುವೆ ಊದಿ ಬೆಲ್ಲ ಬಾಯಿಗಿಟ್ಟಳು. ಚೆಂಬೆತ್ತಿ ಮಧ್ಯಾಹ್ನದ ಆ ನೀರನ್ನು ಒಂದು ಹನಿ ಉಳಿಸದೆ ಕುಡಿದಳು.

"ಅಣ್ಣ, ಕುಡಿದೆ" ಅಂದಳು.

ಒಳಗೆ ಮಂಚ ಕಿರುಗುಟ್ಟಿತು, ಅಷ್ಟೇ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾದರೆ ಬಂದಾನು ಎಂದು ಸುಂದರಿ ಖಾಲಿ ಚೆಂಬನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅಣ್ಣ ಬರಲಿಲ್ಲ. ರಸ್ತೆಯಿಂದ ಪ್ರೀತಿಕಾ ಕೂಗಿದಳು, ಈ ಸಲ ಹೆಸರು ಹಿಡಿದು.

"ಸುಂದರಿಯಕ್ಕಾ, ಲೇಟಾಯ್ತು!"